ನಮೂನೆ 700: ಬಾಂಬರ್ ವಿಮಾನದ ಮೇಲಿನವರು, ಕೆಳಗಿನವರು

ಶತ್ರುದೇಶದ ಮೇಲೆ ಬಾಂಬು ಹಾಕುವ ಕೆಲಸಕ್ಕೆಂದೇ 1936ರಲ್ಲಿ ಬೇರೆಯಾಗಿ ಕಟ್ಟಿದ ಬ್ರಿಟನ್ನಿನ ವಾಯುಪಡೆಯ ವಿಭಾಗಕ್ಕೆ ಬಾಂಬರ್ ಕಮಾಂಡ್ ಎಂದು ಹೆಸರು. ಎರಡನೆಯ ಮಹಾಯುದ್ಧದ ಅವಧಿಯಲ್ಲಿ ಅದರ ವಿಮಾನಗಳಲ್ಲಿ ಹಾರಿದ ಸುಮಾರು 1,25,000 ಮಂದಿಯಲ್ಲಿ 55,573 ಮಂದಿ ಸತ್ತರು, 8,403 ಮಂದಿ ಗಾಯಗೊಂಡರು, 9,838 ಮಂದಿ ಸೆರೆಯಾದರು. ಈ ಲೆಕ್ಕ ಆ ಯುದ್ಧದ ಬಗ್ಗೆ ಬರೆದ ಅನೇಕ ಪುಸ್ತಕಗಳಲ್ಲಿ ಸಿಗುತ್ತದೆ. ಆದರೆ ಏಳು ಜನರಿದ್ದ ಒಂದೊಂದು ವಿಮಾನವನ್ನೂ ರಾತ್ರಿ ರಾತ್ರಿ ಮೇಲಕ್ಕೆ ಕಳಿಸಿ ಬೆಳಗಿನ ಜಾವದವರೆಗೆ ಅದರ ದಾರಿ ಕಾಯುತ್ತಿದ್ದ ಮೆಕ್ಯಾನಿಕ್‌ಗಳು, ಬಾಂಬು ತುಂಬುವವರು, ಪ್ಯಾರಾಚೂಟ್ ಮಡಿಸುವ ಹೆಂಗಸರು, ಲಾರಿ ಓಡಿಸುವವರು, ಅಡುಗೆಯವರು ಹಾರುವವರಿಗಿಂತ ಎಷ್ಟೋ ಪಟ್ಟು ಹೆಚ್ಚಿದ್ದರೂ, ಅವರ ಕಥೆ ಬಹುಪಾಲು ಅಡಿಟಿಪ್ಪಣಿಗಳಲ್ಲೇ ಉಳಿದಿದೆ. ಈ ಎರಡು ಗುಂಪುಗಳನ್ನು ಬೆಸೆದದ್ದು ಒಂದು ಕಾಗದ. ಪ್ರತಿಯೊಂದು ವಿಮಾನಕ್ಕೂ ‘ನಮೂನೆ 700’ ಎಂಬ ದಾಖಲೆ ಇರುತ್ತಿತ್ತು. ಎಂಜಿನ್ ನೋಡಿದವನು, ರೆಕ್ಕೆ ಬಾಲಗಳನ್ನು ನೋಡಿದವನು, ವಿದ್ಯುತ್ತು, ರೇಡಿಯೊ, ಬಂದೂಕುಗಳನ್ನು ನೋಡಿದವರು ತಮ್ಮ ತಮ್ಮ ಕೆಲಸದ ಎದುರು ಸಹಿ ಹಾಕಿದ ಮೇಲೆ, ಕೊನೆಯಲ್ಲಿ ಪೈಲಟ್ ಸಹಿ ಹಾಕಿ ವಿಮಾನವನ್ನು ತನ್ನ ವಶಕ್ಕೆ ತೆಗೆದುಕೊಳ್ಳುತ್ತಿದ್ದ. ಕಾಗದದ ಪ್ರಕಾರ ಆ ಹೊತ್ತಿನಿಂದ ವಿಮಾನ ಅವನದು. ನೆಲದವರ ಮನಸ್ಸಿನಲ್ಲಿ ಮಾತ್ರ ಅದು ಎಂದಿಗೂ ತಮ್ಮದೇ ಆಗಿದ್ದು, ಒಂದು ರಾತ್ರಿಯ ಮಟ್ಟಿಗೆ ಎರವಲು ಕೊಟ್ಟದ್ದಾಗಿತ್ತು.

ಯುದ್ಧ ಆರಂಭವಾದಾಗ ಬಾಂಬರುಗಳು ಹಗಲಿನಲ್ಲೇ ಹಾರುತ್ತಿದ್ದವು. ಗುಂಪಾಗಿ ಹೋದರೆ ತಮ್ಮ ಬಂದೂಕುಗಳಿಂದಲೇ ತಮ್ಮನ್ನು ರಕ್ಷಿಸಿಕೊಳ್ಳಬಲ್ಲವು ಎಂಬ ನಂಬಿಕೆ ಅಧಿಕಾರಿಗಳಲ್ಲಿತ್ತು. 1939ರ ಡಿಸೆಂಬರ್ 18ರಂದು ಜರ್ಮನಿಯ ಕರಾವಳಿಯನ್ನು ಮುಟ್ಟಿದ 22 ವೆಲಿಂಗ್ಟನ್ ವಿಮಾನಗಳಲ್ಲಿ 12 ನಾಶವಾದಾಗ ಆ ನಂಬಿಕೆ ಮುರಿಯಿತು, ಬಾಂಬರ್ ಕಮಾಂಡ್ ಕತ್ತಲೆಯ ಮೊರೆಹೋಯಿತು. ಆದರೆ ಶತ್ರುವಿನ ಕಣ್ಣಿನಿಂದ ಮರೆಮಾಡಿದ ಕತ್ತಲೆಯೇ ಗುರಿಯನ್ನೂ ಮರೆಮಾಡಿತು. 1941ರ ಆಗಸ್ಟಿನಲ್ಲಿ, ದಾಳಿಯ ವೇಳೆ ತೆಗೆದ ಛಾಯಾಚಿತ್ರಗಳನ್ನು ಪರಿಶೀಲಿಸಿ ಸಿದ್ಧಪಡಿಸಿದ ಬಟ್ ವರದಿ, ಗುರಿಯ ಮೇಲೆ ಬಾಂಬು ಹಾಕಿದೆವೆಂದು ಹೇಳಿಕೊಂಡ ವಿಮಾನಗಳಲ್ಲಿ ಮೂರನೆಯ ಒಂದು ಭಾಗ ಮಾತ್ರ ಗುರಿಯ ಎಂಟು ಕಿಲೋಮೀಟರಿನೊಳಗೆ ಹೋಗಿತ್ತೆಂದೂ, ಕಾರ್ಖಾನೆಗಳ ಹೊಗೆ ಕವಿದ ರೂರ್ ಪ್ರದೇಶದಲ್ಲಿ ಈ ಪ್ರಮಾಣ ಹತ್ತಕ್ಕೆ ಒಂದೆಂದೂ ತೋರಿಸಿಕೊಟ್ಟಿತು. ಒಂದು ಕಾರ್ಖಾನೆಗೆ ಗುರಿಯಿಡಲಾಗದವರು ಇಡೀ ಊರಿಗೇ ಗುರಿಯಿಟ್ಟರು ಎಂಬುದು ಮುಂದಿನ ಮೂರು ವರ್ಷಗಳ ನೀತಿಯ ಒಂದು ಸಾಲಿನ ವಿವರಣೆ. 1942ರ ಫೆಬ್ರವರಿಯಲ್ಲಿ ಈ ನೀತಿಯ ಆದೇಶ ಹೊರಟಿತು. ಅದೇ ತಿಂಗಳು ಆರ್ಥರ್ ಹ್ಯಾರಿಸ್ ಬಾಂಬರ್ ಕಮಾಂಡಿನ ಮುಖ್ಯಸ್ಥರಾಗಿ ಬಂದರು. ಮೇ 30ರ ರಾತ್ರಿ ಕಲೋನ್ ನಗರದ ಮೇಲೆ 1,047 ವಿಮಾನಗಳು ಹಾರಿದವು, 41 ಹಿಂದಿರುಗಲಿಲ್ಲ. ಸಾವಿರದ ಸಂಖ್ಯೆ ತುಂಬಿಸುವುದಕ್ಕಾಗಿ ತರಬೇತಿ ಶಾಲೆಗಳ ಹಳೆಯ ವಿಮಾನಗಳನ್ನೂ, ಗುರುಗಳನ್ನೂ, ಇನ್ನೂ ಕಲಿಯುತ್ತಿದ್ದ ಹುಡುಗರನ್ನೂ ಸೇರಿಸಬೇಕಾಗಿತ್ತು, ಆ ಹಳೆಯ ವಿಮಾನಗಳನ್ನು ಒಂದು ರಾತ್ರಿಗಾದರೂ ಹಾರುವ ಸ್ಥಿತಿಗೆ ತರುವ ಹೊರೆ ಎಂದಿನಂತೆ ನೆಲದವರ ಮೇಲೆ ಬಿದ್ದಿತ್ತು.

ವೈಮಾನಿಕರೆಲ್ಲರೂ ತಾವಾಗಿ ಮುಂದೆ ಬಂದು ಸೇರಿದವರು. ಅವರ ಸರಾಸರಿ ವಯಸ್ಸು ಸುಮಾರು 22. ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಪೋಲೆಂಡ್, ಕೆರಿಬಿಯನ್ ದ್ವೀಪಗಳಿಂದ ಬಂದವರು ಒಂದೇ ವಿಮಾನದಲ್ಲಿ ಇರುವುದು ಅಪರೂಪವಾಗಿರಲಿಲ್ಲ. ಸೈನ್ಯದಂಥ ಕಟ್ಟುನಿಟ್ಟಿನ ಸಂಸ್ಥೆಯಲ್ಲಿ ಅಚ್ಚರಿ ಎನ್ನಿಸುವ ಒಂದು ಪದ್ಧತಿ ಇಲ್ಲಿತ್ತು: ತರಬೇತಿಯ ನಡುಘಟ್ಟದಲ್ಲಿ ಪೈಲಟ್, ನ್ಯಾವಿಗೇಟರ್ (ನಕ್ಷೆ ಹಿಡಿದು ದಾರಿ ಲೆಕ್ಕಹಾಕುವವನು), ಬಾಂಬು ಬಿಡುವವನು, ರೇಡಿಯೊ ನೋಡಿಕೊಳ್ಳುವವನು, ಬಂದೂಕು ಹಿಡಿಯುವ ಗನ್ನರ್‌ಗಳು ಎಲ್ಲರನ್ನೂ ಒಂದು ಹ್ಯಾಂಗರಿನೊಳಗೆ ಬಿಟ್ಟು, ನಿಮ್ಮ ನಿಮ್ಮ ಜೊತೆಗಾರರನ್ನು ನೀವೇ ಆರಿಸಿಕೊಳ್ಳಿ ಎಂದು ಹೇಳಲಾಗುತ್ತಿತ್ತು. ಒಬ್ಬನ ನಗು, ಇನ್ನೊಬ್ಬನ ಊರು, ಮತ್ತೊಬ್ಬನ ಮುಖದ ಗಾಂಭೀರ್ಯ ನೋಡಿ ಗಂಟೆಯೊಳಗೆ ಕಟ್ಟಿಕೊಂಡ ಈ ಸಂಬಂಧದ ಮೇಲೆ ಪ್ರಾಣಗಳೇ ನಿಲ್ಲುತ್ತಿದ್ದವು. ಆಡಳಿತ ಇದಕ್ಕಿಂತ ಉತ್ತಮವಾದ ವಿಧಾನವನ್ನು ಯುದ್ಧ ಮುಗಿಯುವವರೆಗೂ ಹುಡುಕಲಿಲ್ಲ, ಹುಡುಕುವ ಅಗತ್ಯವೂ ಇರಲಿಲ್ಲವೆಂದು ತೋರುತ್ತದೆ. ಎರಡು ಎಂಜಿನ್ನಿನ ವಿಮಾನದಿಂದ ನಾಲ್ಕು ಎಂಜಿನ್ನಿನ ಭಾರಿ ವಿಮಾನಕ್ಕೆ ಬದಲಾಗುವ ಹಂತದಲ್ಲಿ ಏಳನೆಯವನಾಗಿ ಫ್ಲೈಟ್ ಎಂಜಿನಿಯರ್ ಸೇರಿಕೊಳ್ಳುತ್ತಿದ್ದ; ಇವನು ಎಷ್ಟೋ ವೇಳೆ ನೆಲದ ಮೆಕ್ಯಾನಿಕ್ ಆಗಿದ್ದು, ಕೇಳಿಕೊಂಡು ಮೇಲೆ ಬಂದವನು. ತನ್ನ ಕೈಯಾರೆ ಬಿಗಿದ ನಟ್ಟಿನ ಮೇಲೆ ತಾನೇ ಕುಳಿತು ಹಾರಿದವನೆಂದರೆ ಅವನೊಬ್ಬನೇ.

1942ರ ಮೊದಲ ತಿಂಗಳುಗಳಲ್ಲಿ ಕಾಳಗಕ್ಕೆ ಇಳಿದ ಲ್ಯಾಂಕಾಸ್ಟರ್ ಈ ಪಡೆಯ ಮುಖ್ಯ ವಿಮಾನ; ಒಟ್ಟು 7,377 ತಯಾರಾದವು. ಇಂಗ್ಲೆಂಡಿನ ಪೂರ್ವಭಾಗದ ಲಿಂಕನ್‌ಶೈರ್, ಯಾರ್ಕ್‌ಶೈರ್ ಸೀಮೆಗಳ ಚಪ್ಪಟೆ ಹೊಲಗಳಲ್ಲಿ ಅವಸರದಿಂದ ಕಟ್ಟಿದ ನೆಲೆಗಳಲ್ಲಿ ಅವು ನಿಲ್ಲುತ್ತಿದ್ದವು. ಒಂದೇ ಬಾಂಬಿಗೆ ಹಲವು ವಿಮಾನಗಳು ಸುಟ್ಟುಹೋಗಬಾರದೆಂದು ಅವುಗಳನ್ನು ಓಡುದಾರಿಯ ಸುತ್ತ ದೂರದೂರಕ್ಕೆ ಚದುರಿಸಿ ನಿಲ್ಲಿಸುತ್ತಿದ್ದರು. ಆದ್ದರಿಂದ ದೊಡ್ಡ ರಿಪೇರಿಗೆ ಹ್ಯಾಂಗರ್ ಸಿಕ್ಕರೂ ದಿನನಿತ್ಯದ ಕೆಲಸವೆಲ್ಲ ಬಯಲಿನಲ್ಲೇ ನಡೆಯಬೇಕಿತ್ತು. ಎಂಜಿನ್ ನೋಡುವವನನ್ನು ಫಿಟ್ಟರ್ ಎಂದೂ, ಒಡಲನ್ನು ನೋಡುವವನನ್ನು ರಿಗ್ಗರ್ ಎಂದೂ, ಬಾಂಬು ಬಂದೂಕುಗಳವನನ್ನು ಆರ್ಮರರ್ ಎಂದೂ ಕರೆಯುತ್ತಿದ್ದರು. ಎಲ್ಲರಿಗೂ ಸೇರಿ ವಾಯುಪಡೆಯ ಆಡುಮಾತಿನಲ್ಲಿ ‘ಅರ್ಕ್’ ಎಂಬ ಹೆಸರು. ನಮ್ಮ ಅರ್ಕನಿಗೂ ಆ ಪದಕ್ಕೂ ಸಂಬಂಧವಿಲ್ಲ, ಲಿಂಕನ್‌ಶೈರಿನ ಜನವರಿಯಲ್ಲಿ ದುಡಿದವರಿಗೆ ಸೂರ್ಯನ ದರ್ಶನವೂ ಅಷ್ಟಾಗಿ ಇರಲಿಲ್ಲ. ಲ್ಯಾಂಕಾಸ್ಟರಿನ ಒಂದು ಮರ್ಲಿನ್ ಎಂಜಿನ್ನಿಗೆ 24 ಸ್ಪಾರ್ಕ್ ಪ್ಲಗ್, ಒಂದು ವಿಮಾನಕ್ಕೆ 96. ದಪ್ಪ ಕೈಗವಸು ಹಾಕಿಕೊಂಡರೆ ಪ್ಲಗ್ಗು ಕೈಗೆ ಸಿಗದು, ತೆಗೆದರೆ ಹಿಮಗಟ್ಟಿದ ಲೋಹಕ್ಕೆ ಚರ್ಮ ಅಂಟಿಕೊಳ್ಳುವುದು. ಎತ್ತರದ ಮೆಟ್ಟಿಲ ಮೇಲೆ ನಿಂತು, ಗಾಳಿಗೆ ಹಾರದಂತೆ ಕಟ್ಟಿದ ಟಾರ್ಪಾಲಿನ ಮರೆಯಲ್ಲಿ, ಹೊರಗೆ ಬೆಳಕು ಕಾಣದಂತೆ ಮುಚ್ಚಿದ ಟಾರ್ಚಿನಲ್ಲಿ ಅವರು ಈ ಕೆಲಸ ಮಾಡಿದರು.

ಮಧ್ಯಾಹ್ನದ ಹೊತ್ತಿಗೆ ಬಾಂಬುಗಳ ಉಗ್ರಾಣದಿಂದ ಟ್ರ್ಯಾಕ್ಟರುಗಳು ಉದ್ದನೆಯ ಟ್ರಾಲಿಗಳನ್ನು ಎಳೆದುಕೊಂಡು ಬರುತ್ತಿದ್ದವು. ಎಷ್ಟೋ ಟ್ರ್ಯಾಕ್ಟರುಗಳನ್ನು ಮಹಿಳಾ ಸಹಾಯಕ ವಾಯುಪಡೆಯ ಹುಡುಗಿಯರೇ ಓಡಿಸುತ್ತಿದ್ದರು, ಅದೇ ಕೆಲಸಕ್ಕೆ ಗಂಡಸರಿಗೆ ಸಿಗುತ್ತಿದ್ದ ಸಂಬಳದ ಮೂರರಲ್ಲಿ ಎರಡು ಪಾಲು ಮಾತ್ರ ಅವರಿಗೆ ಸಿಗುತ್ತಿತ್ತು. ಆಡುಮಾತಿನಲ್ಲಿ ‘ಕುಕೀ’ ಎನ್ನಿಸಿಕೊಂಡ ಬಾಂಬು ಸುಮಾರು 1,800 ಕಿಲೋ ತೂಗುವ, ತೆಳುಹೊದಿಕೆಯ ಉರುಳೆ. ಅದರ ಸುತ್ತ ಬೆಂಕಿ ಹೊತ್ತಿಸುವ ಚಿಕ್ಕ ಬಾಂಬುಗಳನ್ನು ನೂರುಗಟ್ಟಲೆ ಜೋಡಿಸುತ್ತಿದ್ದರು. ಅವಸರದಲ್ಲಿ ಒಂದು ತಪ್ಪಾದರೆ ಸುತ್ತಲಿನವರ ಗುರುತೂ ಸಿಗುವಂತಿರಲಿಲ್ಲ; ಇಂಥ ಅಪಘಾತಗಳು ನಡೆದವು, ನೆಲದವರು ಸತ್ತರು, ಆದರೆ ಅವರ ಸಾವಿಗೆ ಪತ್ರಿಕೆಗಳಲ್ಲಿ ಶೀರ್ಷಿಕೆ ಇರಲಿಲ್ಲ. ಆ ರಾತ್ರಿಯ ಗುರಿ ಯಾವುದೆಂಬುದು ಗುಟ್ಟು. ವೈಮಾನಿಕರಿಗೂ ಸಂಜೆಯ ಸಭೆಯಲ್ಲಿ ಗೋಡೆಯ ನಕ್ಷೆಯ ಪರದೆ ಸರಿದಾಗಲೇ ತಿಳಿಯುತ್ತಿತ್ತು. ಆದರೆ ಪೆಟ್ರೋಲ್ ತುಂಬಿಸುವವನಿಗೆ ಅದು ಅದಕ್ಕಿಂತ ಮೊದಲೇ ಅಂದಾಜಾಗಿರುತ್ತಿತ್ತು: ಲ್ಯಾಂಕಾಸ್ಟರಿನ ಟ್ಯಾಂಕುಗಳಿಗೆ ಹೆಚ್ಚೆಂದರೆ ಸುಮಾರು 9,800 ಲೀಟರ್ ಹಿಡಿಯುತ್ತಿತ್ತು, ಪೂರ್ತಿ ತುಂಬಿಸಿ ಬಾಂಬು ಕಡಿಮೆ ಮಾಡಿ ಎಂಬ ಆಜ್ಞೆ ಬಂದರೆ ಬರ್ಲಿನ್ನಿನಂಥ ದೂರದ ಊರು, ಪೆಟ್ರೋಲ್ ಕಡಿಮೆ ಬಾಂಬು ಹೆಚ್ಚು ಎಂದರೆ ಹತ್ತಿರದ ರೂರ್. ಗೊತ್ತಿದ್ದರೂ ಬಾಯಿಬಿಡದೆ, ತನ್ನ ವಿಮಾನದ ಏಳು ಹುಡುಗರು ಹರಟುತ್ತಿರುವುದನ್ನು ನೋಡುತ್ತ ಆತ ಪೈಪು ಹಿಡಿದು ನಿಂತಿರಬೇಕಾಗಿತ್ತು.

ಹೊರಡುವ ಮೊದಲಿನ ಊಟದಲ್ಲಿ ವೈಮಾನಿಕರಿಗೆ ಮೊಟ್ಟೆ ಕೊಡುತ್ತಿದ್ದರು. ಬ್ರಿಟನ್ನಿನ ಜನಸಾಮಾನ್ಯರಿಗೆ ಪಡಿತರದಲ್ಲಿ ತಲೆಗೆ ವಾರಕ್ಕೊಂದು ಮೊಟ್ಟೆ ಸಿಗುತ್ತಿದ್ದ ಕಾಲದಲ್ಲಿ ಇದು ದೊಡ್ಡ ಉಪಚಾರ. ನೆಲದವರಿಗೆ ಈ ಭಾಗ್ಯವಿರಲಿಲ್ಲ. ನೀನು ಬರದಿದ್ದರೆ ನಿನ್ನ ಮೊಟ್ಟೆ ನನಗೆ ಎಂಬ ಕಟು ಹಾಸ್ಯ ಊಟದ ಮೇಜಿನಲ್ಲಿ ಓಡಾಡುತ್ತಿತ್ತು. ಆಮೇಲೆ ಪ್ಯಾರಾಚೂಟು ಪಡೆಯುವುದು, ಜೇಬು ಖಾಲಿ ಮಾಡುವುದು, ಲಾರಿ ಹತ್ತಿ ವಿಮಾನದ ಬಳಿಗೆ ಹೋಗುವುದು, ನಮೂನೆ 700ಕ್ಕೆ ಸಹಿ ಹಾಕುವುದು, ಅನಂತರ ಕಾಯುವುದು. ಈ ಅರ್ಧ ಮುಕ್ಕಾಲು ಗಂಟೆಯ ಕಾಯುವಿಕೆ ಹಾರಾಟಕ್ಕಿಂತ ಕಷ್ಟವಾಗಿತ್ತೆಂದು ಬದುಕುಳಿದ ಅನೇಕರು ಹೇಳಿದ್ದಾರೆ. ಅದೃಷ್ಟಕ್ಕೆಂದು ಬಾಲದ ಗಾಲಿಗೆ ಮೂತ್ರ ಮಾಡುವವರಿದ್ದರು, ಗೊಂಬೆಯನ್ನೋ ಹೆಂಡತಿಯ ಕಾಲುಚೀಲವನ್ನೋ ಕೊರಳಿಗೆ ಕಟ್ಟಿಕೊಳ್ಳುವವರಿದ್ದರು, ಹೊರಡುವ ಮೊದಲು ಫೋಟೊ ತೆಗೆಸಿಕೊಳ್ಳಲು ಒಪ್ಪದವರಿದ್ದರು.

ಮೇಲೆ ಹೋದವರ ಅನುಭವದಲ್ಲಿ ಮೊದಲನೆಯ ಶತ್ರು ಚಳಿ. ಆರು ಸಾವಿರ ಮೀಟರ್ ಎತ್ತರದಲ್ಲಿ, ಆಮ್ಲಜನಕದ ಮುಖವಾಡ ಹಾಕಿಕೊಂಡು, ಬಾಲದ ತುದಿಯ ಗೂಡಿನಲ್ಲಿ ಹಿಮ್ಮುಖವಾಗಿ ಒಬ್ಬನೇ ಎಂಟು ಗಂಟೆ ಕುಳಿತಿರುತ್ತಿದ್ದ ಹಿಂಬದಿಯ ಗನ್ನರ್ ವಿದ್ಯುತ್ತಿನಿಂದ ಬಿಸಿಯಾಗುವ ಅಂಗಿ ತೊಟ್ಟಿರುತ್ತಿದ್ದ. ಅಂಗಿಯ ತಂತಿ ಕೆಟ್ಟರೆ ಬೆರಳುಗಳು ಹೋಗುತ್ತಿದ್ದವು. ಕತ್ತಲೆಯಲ್ಲಿ ಬರುವ ಜರ್ಮನ್ ಬೇಟೆವಿಮಾನ ಎದುರಿನ ಗಾಜಿನ ಮೇಲಿನ ಒಂದು ಕೊಳೆಚುಕ್ಕೆಯಂತೆ ಕಾಣುವುದರಿಂದ, ನೆಲದವರು ಆ ಪಾರದರ್ಶಕ ಹೊದಿಕೆಯನ್ನು ಗಂಟೆಗಟ್ಟಲೆ ಉಜ್ಜುತ್ತಿದ್ದರು. ಹಲವು ಗನ್ನರ್‌ಗಳು ಅದೂ ಸಾಲದೆಂದು ಕಣ್ಣಿನ ಎದುರಿನ ಹಾಳೆಯನ್ನೇ ಕಿತ್ತುಹಾಕಿಸಿ, ಚಳಿಯನ್ನು ಸಹಿಸಿಕೊಂಡು ನೋಟವನ್ನು ಉಳಿಸಿಕೊಂಡರು. ಆದರೆ 1943ರಿಂದ ಜರ್ಮನರು ಮೇಲ್ಮುಖವಾಗಿ ಓರೆಯಾಗಿ ಕೂರಿಸಿದ ಬಂದೂಕುಗಳೊಂದಿಗೆ ಬಾಂಬರಿನ ಹೊಟ್ಟೆಯ ಅಡಿಯಿಂದ, ಯಾರಿಗೂ ಕಾಣದ ಕಡೆಯಿಂದ ಹೊಡೆಯಲಾರಂಭಿಸಿದರು. ಹೊಡೆತ ತಿಂದ ಲ್ಯಾಂಕಾಸ್ಟರಿನಿಂದ ಹಾರಿ ಪಾರಾಗುವುದೂ ಸುಲಭವಿರಲಿಲ್ಲ. ಬಾಂಬರ್ ಕಮಾಂಡಿನಲ್ಲಿ ಅಂಕಿಅಂಶಗಳ ವಿಶ್ಲೇಷಕರಾಗಿದ್ದು ಮುಂದೆ ಭೌತವಿಜ್ಞಾನಿಯಾಗಿ ಪ್ರಸಿದ್ಧರಾದ ಫ್ರೀಮನ್ ಡೈಸನ್, ಉರುಳಿದ ಅಮೆರಿಕನ್ ಹಗಲು ಬಾಂಬರುಗಳಿಂದ ಅರ್ಧದಷ್ಟು ಜನ ಪಾರಾಗುತ್ತಿದ್ದರೆ, ಬ್ರಿಟನ್ನಿನ ಇನ್ನೊಂದು ಭಾರಿ ಬಾಂಬರ್ ಹ್ಯಾಲಿಫ್ಯಾಕ್ಸ್‌ನಿಂದ ಕಾಲುಭಾಗ, ಲ್ಯಾಂಕಾಸ್ಟರಿನಿಂದ ಅದಕ್ಕಿಂತಲೂ ಕಡಿಮೆ ಎಂಬುದನ್ನು ನೆನಪಿಸಿಕೊಂಡಿದ್ದಾರೆ; ಲ್ಯಾಂಕಾಸ್ಟರಿನ ಕೆಳಬಾಗಿಲು ಹ್ಯಾಲಿಫ್ಯಾಕ್ಸಿನದಕ್ಕಿಂತ ಎರಡು ಅಂಗುಲ ಕಿರಿದಾಗಿತ್ತು. ಆ ಎರಡು ಅಂಗುಲವನ್ನು ಅಗಲಿಸುವ ಪ್ರಯತ್ನ ಕಡತಗಳಲ್ಲಿ ಅಲೆದಾಡಿತು.

ಮೂವತ್ತು ದಾಳಿಗಳಿಗೆ ಒಂದು ‘ಟೂರ್’; ಅದು ಮುಗಿದರೆ ಆರು ತಿಂಗಳ ಮಟ್ಟಿಗೆ ಬಿಡುವು. ಪ್ರತಿ ದಾಳಿಯಲ್ಲಿ ನೂರಕ್ಕೆ ನಾಲ್ಕು ವಿಮಾನಗಳು ಕಳೆದುಹೋದರೂ ಮೂವತ್ತನ್ನು ದಾಟುವವರು ನೂರಕ್ಕೆ 30ಕ್ಕಿಂತ ಕಡಿಮೆ, ಐದು ಕಳೆದುಹೋದರೆ ಸುಮಾರು 21. ಈ ಗುಣಾಕಾರವನ್ನು ನ್ಯಾವಿಗೇಟರುಗಳು ಮಾಡಿರದೆ ಇರಲಿಲ್ಲ, ಮಾಡಿದವರು ಬಾಯಿ ಬಿಡುತ್ತಿರಲಿಲ್ಲ. 1944ರ ಮಾರ್ಚ್ 30ರ ರಾತ್ರಿ, ಬೆಳದಿಂಗಳಿದ್ದರೂ, ನ್ಯೂರೆಂಬರ್ಗಿಗೆ ಕಳಿಸಿದ 795 ವಿಮಾನಗಳಲ್ಲಿ 95 ಹಿಂದಿರುಗಲಿಲ್ಲ. ಬಾಂಬರ್ ಕಮಾಂಡಿನ ಇತಿಹಾಸದಲ್ಲೇ ಅದು ಅತ್ಯಂತ ದೊಡ್ಡ ನಷ್ಟ. ಇನ್ನು ಹಾರಲಾರೆ ಎಂದವನ ಕಡತದ ಮೇಲೆ ‘ನೈತಿಕ ಸ್ಥೈರ್ಯದ ಕೊರತೆ’ ಎಂಬರ್ಥದ ಮೂರಕ್ಷರದ ಮುದ್ರೆ ಬೀಳುತ್ತಿತ್ತು, ರೆಕ್ಕೆಯ ಬಿಲ್ಲೆ ಕಿತ್ತುಕೊಂಡು ಅವನನ್ನು ಬೇರೆಡೆಗೆ ಸಾಗಿಸುತ್ತಿದ್ದರು. ಇಪ್ಪತ್ತು ಬಾರಿ ಹೋಗಿಬಂದವನಿಗೂ ಇದೇ ಹಣೆಪಟ್ಟಿ ಹಚ್ಚಿದ್ದು ಆ ವ್ಯವಸ್ಥೆಯ ಅತ್ಯಂತ ಅನ್ಯಾಯದ ಭಾಗ.

ಕೆಳಗೆ ಉಳಿದವರಿಗೆ ಆ ರಾತ್ರಿ ಬೇರೆ ಬಗೆಯದಾಗಿತ್ತು. ಓಡುದಾರಿಯ ತುದಿಯಲ್ಲಿ ನಿಂತು ಕೈಬೀಸಿ ಕಳಿಸಿದ ಮೇಲೆ ಫಿಟ್ಟರುಗಳು ತಾವೇ ಹಳೆಯ ಹಲಗೆ ತಗಡುಗಳಿಂದ ಕಟ್ಟಿಕೊಂಡ ಗುಡಿಸಲುಗಳಲ್ಲಿ ಒಲೆಯ ಸುತ್ತ ಕುಳಿತು ತೂಕಡಿಸುತ್ತಿದ್ದರು. ನಿಯಂತ್ರಣ ಗೋಪುರದಲ್ಲಿ ಕಪ್ಪುಹಲಗೆಯ ಮೇಲೆ ಪ್ರತಿ ವಿಮಾನದ ಅಕ್ಷರ, ಪೈಲಟಿನ ಹೆಸರು, ಹೊರಟ ಸಮಯ ಬರೆದಿರುತ್ತಿತ್ತು. ಇಳಿದ ಸಮಯದ ಅಂಕಣ ಖಾಲಿ. ಬೆಳಗಿನ ಜಾವ ರೇಡಿಯೊದಲ್ಲಿ ದನಿ ಕೇಳಿದ ಹಾಗೆಲ್ಲ ಒಬ್ಬ ಹುಡುಗಿ ಅದನ್ನು ತುಂಬುತ್ತ ಹೋಗುತ್ತಿದ್ದಳು. ಬಂದವರಿಗೆ ರಮ್ ಬೆರೆಸಿದ ಚಹಾ, ಗುಪ್ತಚರ ಅಧಿಕಾರಿಯ ಪ್ರಶ್ನೆಗಳು, ಮತ್ತೆ ಮೊಟ್ಟೆ. ಒಂದು ವಿಮಾನ ಬಾರದಿದ್ದರೆ ಅದರ ಫಿಟ್ಟರುಗಳು ಪೆಟ್ರೋಲ್ ಮುಗಿಯುವ ಗಂಟೆಯನ್ನು ಲೆಕ್ಕಹಾಕಿ, ಅದು ಮೀರಿದ ಮೇಲೂ, ಬೇರೆ ಯಾವುದೋ ನೆಲೆಯಲ್ಲಿ ಇಳಿದಿರಬಹುದೆಂದು ನಿಂತೇ ಇರುತ್ತಿದ್ದರು. ಅವರನ್ನು ಕಾಡುತ್ತಿದ್ದ ಪ್ರಶ್ನೆ ಒಂದೇ, ತಾವು ಸಹಿ ಹಾಕಿದ ಕೆಲಸದಲ್ಲೇ ಏನಾದರೂ ತಪ್ಪಿತ್ತೇ ಎಂಬುದು. ಸಮುದ್ರದ ತಳದಲ್ಲಿರುವ ಎಂಜಿನ್ ಅದಕ್ಕೆ ಉತ್ತರ ಕೊಡುವುದಿಲ್ಲ. ಅದೇ ದಿನ ಒಂದು ಸಣ್ಣ ತಂಡ ಬಾರದವರ ಕೋಣೆಗೆ ಹೋಗಿ ಸಾಮಾನುಗಳನ್ನು ಪಟ್ಟಿಮಾಡಿ, ಮನೆಯವರಿಗೆ ನೋವಾಗಬಹುದಾದ ಕಾಗದಪತ್ರಗಳನ್ನು ತೆಗೆದುಹಾಕಿ, ಹಾಸಿಗೆಗಳನ್ನು ಹೊಸಬರಿಗೆ ಸಿದ್ಧ ಮಾಡುತ್ತಿತ್ತು. ಫಿಟ್ಟರುಗಳಿಗೂ ಹೊಸ ವಿಮಾನ ಬರುತ್ತಿತ್ತು, ಅದರೊಂದಿಗೆ ಹೊಸ ಏಳು ಮುಖಗಳು. ಕೆಲವು ತಿಂಗಳು ಕಳೆದ ಮೇಲೆ ಬಹಳ ಮಂದಿ ಆ ಮುಖಗಳ ಹೆಸರು ಕೇಳುವುದನ್ನೇ ಬಿಟ್ಟರು.

ಈ ಶ್ರಮವೆಲ್ಲ ಯಾವ ಕೆಲಸಕ್ಕಾಗಿ ನಡೆಯಿತೆಂಬುದನ್ನು ಬಿಟ್ಟು ಬರೆದರೆ ಅದು ಇತಿಹಾಸವಾಗುವುದಿಲ್ಲ. 1943ರ ಜುಲೈ ಕೊನೆಯಲ್ಲಿ ಹ್ಯಾಂಬರ್ಗ್ ನಗರದಲ್ಲಿ ಬೆಂಕಿಗಳು ಕೂಡಿಕೊಂಡು ಎದ್ದ ಬಿರುಗಾಳಿಯಂಥ ಜ್ವಾಲೆಯಲ್ಲಿ ಮೂವತ್ತೈದು ಸಾವಿರಕ್ಕೂ ಹೆಚ್ಚು ಜನ, 1945ರ ಫೆಬ್ರವರಿಯಲ್ಲಿ ಡ್ರೆಸ್ಡೆನ್ನಿನಲ್ಲಿ ಸುಮಾರು 25,000 ಜನ ಸತ್ತರು; ಬಹುಪಾಲು ಹೆಂಗಸರು, ಮಕ್ಕಳು, ಮುದುಕರು. ಈ ನೀತಿಯನ್ನು ಆರಿಸಿದವರು ಹುಡುಗರಲ್ಲ, ಮಂತ್ರಿಮಂಡಲ. ಆದರೆ ಯುದ್ಧ ಗೆದ್ದ ಮೇಲೆ ಅದರ ಹೊರೆ ಹುಡುಗರ ಹೆಗಲಿಗೆ ಜಾರಿತು. 1945ರ ಮೇ 13ರ ವಿಜಯಭಾಷಣದಲ್ಲಿ ಪ್ರಧಾನಿ ಚರ್ಚಿಲ್ ಬಾಂಬರ್ ಕಮಾಂಡಿನ ಹೆಸರನ್ನೇ ಎತ್ತಲಿಲ್ಲ. ಈ ಪಡೆಗೆಂದೇ ಒಂದು ಪದಕ ಬರಲಿಲ್ಲ. ಬ್ರಿಟನ್ನಿನ ನೆಲೆಗಳಲ್ಲಿ ದುಡಿದ ನೆಲದ ಸಿಬ್ಬಂದಿಗೆ, ಮನೆಯಲ್ಲಿದ್ದು ಕಾವಲು ಕಾಯ್ದವರಿಗೂ ಕೊಟ್ಟ ಸಾಮಾನ್ಯ ರಕ್ಷಣಾ ಪದಕವೇ ಗತಿಯಾಯಿತು. ತನ್ನ ನೆಲದ ಸಿಬ್ಬಂದಿಗೆ ಅಷ್ಟೇ ಎಂದಾದರೆ ತನಗೂ ಅಷ್ಟೇ ಸಾಕೆಂದು ಹ್ಯಾರಿಸ್ ಪ್ರತಿಭಟಿಸಿದರು. ಅವರ ಬಗ್ಗೆ ಯಾವ ಅಭಿಪ್ರಾಯವಿದ್ದರೂ ಈ ಒಂದು ಹಟವನ್ನು ಮೆಚ್ಚಬೇಕು. ಲಂಡನ್ನಿನ ಗ್ರೀನ್ ಪಾರ್ಕಿನಲ್ಲಿ ಸ್ಮಾರಕವಾಗುವ ಹೊತ್ತಿಗೆ 2012 ಬಂದಿತ್ತು. ಲಿಂಕನ್ ನಗರದಲ್ಲಿ 2018ರಲ್ಲಿ ತೆರೆದ ಸ್ಮಾರಕದ ಗೋಡೆಗಳ ಸುಮಾರು 58,000 ಹೆಸರುಗಳಲ್ಲಿ ನೆಲದ ಗಂಡಸರೂ ಹೆಂಗಸರೂ ಸೇರಿದ್ದಾರೆ.

ಈ ಯುದ್ಧದ ಇನ್ನೊಂದು ತುದಿ ಮೈಸೂರು ಸಂಸ್ಥಾನದಲ್ಲಿತ್ತು. ಬರ್ಮಾ ರಂಗಕ್ಕೆ ಬೇಕಾದ ವೈಮಾನಿಕರನ್ನು ನಾಲ್ಕು ಎಂಜಿನ್ನಿನ ಅಮೆರಿಕನ್ ಲಿಬರೇಟರ್ ವಿಮಾನಕ್ಕೆ ಪಳಗಿಸುವ 1673ನೇ ತರಬೇತಿ ಘಟಕ ಕೋಲಾರದಲ್ಲಿತ್ತು. 1944ರ ನವೆಂಬರಿನಲ್ಲಿ ಅಲ್ಲಿಯೇ 358ನೇ ಸ್ಕ್ವಾಡ್ರನ್ ಹುಟ್ಟಿತು. ಮರದಿಂದ ಮಾಡಿದ ಮಾಸ್ಕಿಟೊ ವಿಮಾನಗಳ ಘಟಕ ಯಲಹಂಕದಲ್ಲಿತ್ತು. ಬರ್ಮಾ ರಂಗದ ಸಮಸ್ಯೆ ದೂರದ್ದು: 1944ರ ಅಕ್ಟೋಬರ್ 27ರಂದು ಬಂಗಾಳದಿಂದ ಹೊರಟ 159ನೇ ಸ್ಕ್ವಾಡ್ರನ್ನಿನ ಲಿಬರೇಟರುಗಳು ಮಲಯದ ಪೆನಾಂಗ್ ಬಂದರಿನ ನೀರಿನಲ್ಲಿ ಸಿಡಿಗುಂಡುಗಳನ್ನು ಹಾಕಿ ಬರುವುದಕ್ಕೆ ಹೋಗಿಬಂದ ದಾರಿ ಸುಮಾರು 4,800 ಕಿಲೋಮೀಟರ್. ಲಿಂಕನ್‌ಶೈರಿನಲ್ಲಿ ಲೋಹಕ್ಕೆ ಚರ್ಮ ಅಂಟಿದರೆ, ಇಲ್ಲಿ ಬಿಸಿಲಿಗೆ ಕಾದ ರೆಕ್ಕೆಯ ಮೇಲೆ ಅಂಗೈ ಇಟ್ಟರೆ ಸುಡುತ್ತಿತ್ತು.

ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದೊಂದಿಗೆ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ 1943ರಲ್ಲಿ ಅಮೆರಿಕದ ವಾಯುಪಡೆಯ ಕೈಗೆ ಹೋಗಿ, 84ನೇ ಏರ್ ಡಿಪೊ ಎಂಬ ಹೆಸರಿನಲ್ಲಿ ರಿಪೇರಿಯ ದೊಡ್ಡ ಕೇಂದ್ರವಾಯಿತು. ವಿಮಾನವನ್ನು ಹತ್ತಿರದಿಂದ ನೋಡಿಯೇ ಇರದ ಸಾವಿರಾರು ಕೆಲಸಗಾರರು ಅಲ್ಲಿ ಬಾಂಬರುಗಳ ಎಂಜಿನ್ ಬಿಚ್ಚಿ ಜೋಡಿಸುವುದನ್ನು ಕಲಿತರು. ಆ ಕಲಿಕೆಗೆ ಪರೀಕ್ಷೆ ಬಂದದ್ದು ಯುದ್ಧ ಮುಗಿದ ಮೇಲೆ. ಅಮೆರಿಕ ಎರವಲಾಗಿ ಕೊಟ್ಟ ಲಿಬರೇಟರುಗಳನ್ನು ಹಿಂದಿರುಗಿಸಬೇಕು ಇಲ್ಲವೇ ಹಾಳುಮಾಡಬೇಕು ಎಂಬ ಒಪ್ಪಂದದಂತೆ ಬ್ರಿಟಿಷರು ಕಾನ್ಪುರದ ಚಕೇರಿಯಲ್ಲಿ ಅವುಗಳನ್ನು ಜಖಂಗೊಳಿಸಿ ಬಿಟ್ಟುಹೋಗಿದ್ದರು. ಸ್ವತಂತ್ರ ಭಾರತದ ವಾಯುಪಡೆಗೆ ಭಾರಿ ಬಾಂಬರ್ ಇರಲಿಲ್ಲ. ಬೆಂಗಳೂರಿನ ತಂಡ ಚಕೇರಿಗೆ ಹೋಗಿ, ಒಂದರ ಭಾಗ ಇನ್ನೊಂದಕ್ಕೆ ಹಾಕಿ, ಒಂದು ಸಲಕ್ಕೆ ಹಾರುವಷ್ಟು ಸರಿಮಾಡಿಕೊಡುತ್ತಿತ್ತು. ಕಾರ್ಖಾನೆಯ ಪರೀಕ್ಷಾ ಪೈಲಟ್ ಜಮ್ಶೆಡ್ ಮುನ್ಷಿ ಅವುಗಳನ್ನು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಇಲ್ಲಿ ಪೂರ್ತಿಯಾಗಿ ಸಜ್ಜಾದ ವಿಮಾನಗಳಿಂದ 1948ರ ನವೆಂಬರಿನಲ್ಲಿ ಭಾರತೀಯ ವಾಯುಪಡೆಯ 5ನೇ ಸ್ಕ್ವಾಡ್ರನ್ ರಚನೆಯಾಯಿತು. ಒಟ್ಟು ನಲವತ್ತರಷ್ಟು ಲಿಬರೇಟರುಗಳು ಹೀಗೆ ಮರುಜೀವ ಪಡೆದವು, ಕೊನೆಯವು 1968ರವರೆಗೆ ಹಾರಿದವು. ಜಗತ್ತಿನ ಇತರೆಡೆ ಅಷ್ಟರಲ್ಲಿ ಈ ವಿಮಾನ ಹೆಚ್ಚುಕಡಿಮೆ ಗುಜರಿಗೆ ಸೇರಿಹೋಗಿದ್ದರಿಂದ, ವಿದೇಶಿ ವಸ್ತುಸಂಗ್ರಹಾಲಯಗಳು ಭಾರತದ ಕಡೆ ಕೈಚಾಚಿದವು.

ಲಂಡನ್ನಿನ ಹೆಂಡನ್‌ನಲ್ಲಿರುವ ರಾಯಲ್ ಏರ್ ಫೋರ್ಸ್ ಸಂಗ್ರಹಾಲಯದಲ್ಲಿ ಆರ್5868 ಸಂಖ್ಯೆಯ ಲ್ಯಾಂಕಾಸ್ಟರ್ ನಿಂತಿದೆ. ಪ್ರತಿ ದಾಳಿಗೆ ಒಂದರಂತೆ ಅದರ ಮೂತಿಯ ಮೇಲೆ ನೆಲದವರು ಬರೆದ ಬಾಂಬಿನ ಗುರುತುಗಳು ನೂರನ್ನು ಮೀರಿವೆ, ಅದು 137 ಬಾರಿ ಹೋಗಿಬಂದಿತೆಂದು ದಾಖಲೆ ಹೇಳುತ್ತದೆ. ಅದೇ ಸಂಗ್ರಹಾಲಯದಲ್ಲಿರುವ ಕೆಎನ್751 ಸಂಖ್ಯೆಯ ಲಿಬರೇಟರ್ ಯುದ್ಧದಲ್ಲಿ 99ನೇ ಸ್ಕ್ವಾಡ್ರನ್ನಿನಲ್ಲಿದ್ದು, ಆಮೇಲೆ ಭಾರತೀಯ ವಾಯುಪಡೆಯಲ್ಲಿ ಹಾರಿ, 1974ರಲ್ಲಿ ಭಾರತದ ಕೊಡುಗೆಯಾಗಿ ಇಂಗ್ಲೆಂಡಿಗೆ ಹೋದದ್ದು.